ಗುರುತಿಲ್ಲದ ಕ್ಯಾಮ್‌ಶಾಫ್ಟ್: ಅಂಬಾಸಿಡರ್ 1489 ಎಂಜಿನ್‌ಗೆ ಸಿಕ್ಕಿದ್ದು ರೇಸ್ ಕ್ಯಾಮೋ, ಸವೆದ ಕ್ಯಾಮೋ?

ಸುಂಟಿಕೊಪ್ಪದ ಹತ್ತಿರದ ಒಂದು ತೋಟದ ಶೆಡ್ಡಿನಲ್ಲಿ ಗೋಣಿತಾಟು ಸುತ್ತಿಟ್ಟಿದ್ದ ಕ್ಯಾಮ್‌ಶಾಫ್ಟ್ ಇದು, ಅಂದರೆ ಎಂಜಿನ್‌ನ ವಾಲ್ವ್‌ಗಳನ್ನು ತೆರೆದು ಮುಚ್ಚುವ ಲೋಬ್ ಎಂಬ ಉಬ್ಬುಗಳಿರುವ ಶಾಫ್ಟ್. ಮೈಮೇಲೆ ನಂಬರಿಲ್ಲ, ಕಂಪನಿ ಹೆಸರಿಲ್ಲ. ಜತೆಗೆ ಬಂದದ್ದು ಒಂದು ಕತೆ ಮಾತ್ರ: “ಶೋಲಾವರಂನಲ್ಲಿ ಓಡಿದ ಗಾಡಿಯದ್ದು ಅಣ್ಣ, ನಮ್ಮ ಅಜ್ಜನ ಕಾಲದ್ದು.” ಮದರಾಸಿನ ಹೊರಗಿದ್ದ ಶೋಲಾವರಂ ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿ. 1990ರಲ್ಲಿ ಇರುಂಗಟ್ಟುಕೋಟೈ ಟ್ರ್ಯಾಕ್ ಬರುವ ಮೊದಲು ದಕ್ಷಿಣದ ರೇಸ್ ಎಂದರೆ ಅದೇ. ಕೊಡಗಿನಿಂದಲೂ ಅಲ್ಲಿಗೆ ಗಾಡಿ ಒಯ್ದವರಿದ್ದರು, ಹಾಗಾಗಿ ಕತೆ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ನಮ್ಮ ಕಡೆ ಈ ಕತೆ ಅಂಟಿಕೊಳ್ಳದ ಹಳೇ ಸ್ಪೇರ್ ಪಾರ್ಟ್ ಸಿಗುವುದೇ ಕಷ್ಟ. ಕತೆಯನ್ನು ಪಕ್ಕಕ್ಕಿಟ್ಟು ಅಳತೆಗೆ ಇಳಿಯುವುದು ಹೇಗೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಹೇಳುವುದೆಲ್ಲ 1959ರಿಂದ ಅಂಬಾಸಿಡರ್‌ಗೆ ಬಂದ ಪೆಟ್ರೋಲ್ ಓವರ್‌ಹೆಡ್ ವಾಲ್ವ್ ಎಂಜಿನ್‌ನ ಬಗ್ಗೆ. ಅಂದರೆ ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್ (ಬಿಎಂಸಿ) ಕಂಪನಿಯ ಬಿ-ಸೀರೀಸ್, ಬೋರ್ 73 ಮಿ.ಮೀ., ಸ್ಟ್ರೋಕ್ 88.9 ಮಿ.ಮೀ., 1489 ಸಿಸಿ.

ಈ ಎಂಜಿನ್‌ಗೆ ರೇಸ್ ಕ್ಯಾಮ್, ಅಂದರೆ ವಾಲ್ವನ್ನು ಹೆಚ್ಚು ಎತ್ತರಕ್ಕೆ, ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್, ಇರಬಹುದೆಂಬ ಅನುಮಾನಕ್ಕೆ ಗಟ್ಟಿ ಕಾರಣವೂ ಇದೆ. ಎಂಜಿಎ 1500 ಎಂಬ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದು ಇದೇ ಬೋರ್, ಇದೇ ಸ್ಟ್ರೋಕಿನ ಬಿ-ಸೀರೀಸ್. ಅದಕ್ಕೆಂದು ಬ್ರಿಟನ್ನಿನಲ್ಲಿ ಬಗೆಬಗೆಯ ಕ್ಯಾಮ್‌ಗಳು ಬಂದವು. ಅಂಥದ್ದೊಂದು ಯಾರದೋ ಪೆಟ್ಟಿಗೆಯಲ್ಲಿ ಇಲ್ಲಿಗೆ ಬಂದಿರಬಹುದು, ಅಥವಾ ಇಲ್ಲಿನ ಲೇತಿನವರೇ ಮಾಮೂಲಿ ಕ್ಯಾಮನ್ನು ಗ್ರೈಂಡ್ ಮಾಡಿರಬಹುದು.

ಮೊದಲು, ಇದು ಈ ಎಂಜಿನ್‌ನದ್ದೇನಾ?

ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ. ಬೇರಿಂಗ್ ಕೂರುವ ಜರ್ನಲ್‌ಗಳನ್ನು ಎಣಿಸಿ, ಮೈಕ್ರೊಮೀಟರ್ ಹಿಡಿದು ಅಳೆಯಿರಿ. ಬಿ-ಸೀರೀಸ್ ಕ್ಯಾಮ್‌ಗೆ ಮೂರು ಜರ್ನಲ್, ಮುಂದಿನಿಂದ ಹಿಂದಕ್ಕೆ ಸಣ್ಣದಾಗುತ್ತಾ ಹೋಗುತ್ತವೆ: ಸುಮಾರು 45.4, 43.9 ಮತ್ತು 41.2 ಮಿ.ಮೀ. ಹಿಂದಿನಿಂದ ತೂರಿಸುವಂತಿಲ್ಲ, ಮುಂದಿನಿಂದಲೇ ಒಳಗೆ ಹೋಗಬೇಕು. ಅದಕ್ಕೇ ಈ ಇಳಿತ. ಅಳತೆ ಇದರ ಹತ್ತಿರಕ್ಕೂ ಬರದಿದ್ದರೆ ಅದು ಫಿಯೆಟ್‌ನದ್ದೋ, ಹೆರಾಲ್ಡ್‌ನದ್ದೋ ಆಗಿರುತ್ತದೆ. ಅಲ್ಲಿಗೆ ನಿಲ್ಲಿಸಿ, ಮುಂದಿನದ್ದು ದಂಡ.

ಆಮೇಲೆ ಡಿಸ್ಟ್ರಿಬ್ಯೂಟರ್ ಮತ್ತು ಆಯಿಲ್ ಪಂಪನ್ನು ತಿರುಗಿಸುವ ಓರೆ ಹಲ್ಲುಗಳನ್ನು ಮಾಮೂಲಿ ಕ್ಯಾಮಿನ ಪಕ್ಕ ಇಟ್ಟು ನೋಡಿ, ಓರೆ ಒಂದೇ ದಿಕ್ಕಿಗಿರಬೇಕು. ಮೆಕ್ಯಾನಿಕಲ್ ಫ್ಯುಯೆಲ್ ಪಂಪ್ ಬಳಸುವ ಗಾಡಿಯಾದರೆ ಪಂಪಿನ ತೋಳನ್ನು ಎತ್ತುವ ಎಕ್ಸೆಂಟ್ರಿಕ್ ಈ ಕ್ಯಾಮಿನಲ್ಲಿ ಇದೆಯೇ ನೋಡಿ. ಎಂಜಿ ಕಾರುಗಳು ಎಲೆಕ್ಟ್ರಿಕ್ ಪಂಪಿನವು. ಎಕ್ಸೆಂಟ್ರಿಕ್ ಇಲ್ಲದ್ದು ಸಿಕ್ಕಿದರೆ ಕ್ಯಾಮ್ ಹೊರಗಿನಿಂದ ಬಂದಿರಬಹುದೆಂಬ ಸುಳಿವು ಅದು. ಜತೆಗೆ ಎಲೆಕ್ಟ್ರಿಕ್ ಪಂಪಿನ ಖರ್ಚು ನಿಮ್ಮ ತಲೆ ಮೇಲೆ.

ನಂಬರ್ ಹುಡುಕುವ ಕೆಲಸ

ಎರಡೂ ತುದಿಯ ಮುಖ, ಗೇರ್ ಪಕ್ಕದ ಕಂಠ, ಲೋಬ್‌ಗಳ ನಡುವಿನ ಒರಟು ಭಾಗ, ಇಷ್ಟೇ ಜಾಗ. ವೈರ್ ಬ್ರಶ್ ಹಾಕಬೇಡಿ, ಎಲೆಕ್ಟ್ರಿಕ್ ಪೆನ್ಸಿಲಿನಲ್ಲಿ ಗೀಚಿದ ಗುರುತಿದ್ದರೆ ಅದೂ ಹೋಗುತ್ತದೆ. ಸೀಮೆಸುಣ್ಣ ಉಜ್ಜಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಎರಕದಲ್ಲೇ ಉಬ್ಬಿ ಬಂದ ಅಕ್ಷರ ಸಿಕ್ಕಿದರೆ ಕುಣಿದಾಡಬೇಡಿ, ಅದು ಕಚ್ಚಾ ಎರಕದ ಗುರುತು ಅಷ್ಟೇ. ಒಂದೇ ಎರಕದಿಂದ ಮನೆ ಗಾಡಿಯ ಕ್ಯಾಮೂ ಆಗುತ್ತದೆ, ರೇಸ್ ಕ್ಯಾಮೂ ಆಗುತ್ತದೆ. ಗ್ರೈಂಡ್ ಮಾಡಿದವನ ಗುರುತು ಎಂದರೆ ಮೇಲಿಂದ ಹೊಡೆದದ್ದು ಅಥವಾ ಗೀಚಿದ್ದು ಮಾತ್ರ. ನಮ್ಮ ಕ್ಯಾಮಿನಲ್ಲಿ ಎರಡೂ ಇರಲಿಲ್ಲ.

ತುಕ್ಕಿನ ವಿಷಯ ಇಲ್ಲೇ ಮುಗಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಕಬ್ಬಿಣದ ಪಾಡು ಕೇಳಬೇಕೇ. ಲೋಬಿನ ದುಂಡನೆ ಹಿಂಬದಿಯಲ್ಲಿ ನಾಲ್ಕು ಚುಕ್ಕೆ ತುಕ್ಕಿದ್ದರೆ ನಯವಾಗಿ ಪಾಲಿಶ್ ಮಾಡಬಹುದು. ತುದಿಯಲ್ಲಿ ಅಥವಾ ತುದಿಗೇರುವ ಇಳಿಜಾರಿನಲ್ಲಿ ಗುಳಿ ಬಿದ್ದಿದ್ದರೆ ಅದು ಲೋಬಿನ ಮೇಲೆ ಕೂರುವ ಟ್ಯಾಪೆಟ್ಟನ್ನು ತಿಂದು ಹಾಕುತ್ತದೆ, ಗುರುತು ಹಿಡಿದು ಲಾಭವಿಲ್ಲ.

ಗ್ರೈಂಡ್ ಮಾಡಿದ್ದೋ, ಹೊಸದಾಗಿ ಮಾಡಿದ್ದೋ?

ಲೋಬಿನ ಹಿಂಬದಿಯ ದುಂಡಿಗೆ ಬೇಸ್ ಸರ್ಕಲ್ ಎನ್ನುತ್ತೇವೆ. ಮಾಮೂಲಿ ಕ್ಯಾಮನ್ನು ರೇಸ್ ಕ್ಯಾಮ್ ಮಾಡಬೇಕಾದರೆ ತುದಿಗೆ ಲೋಹ ಸೇರಿಸಲು ಆಗುವುದಿಲ್ಲ, ಹಿಂಬದಿಯನ್ನು ಅರೆದು ಇಳಿಸಬೇಕು. ಹಾಗೆ ಮಾಡಿದ ಕ್ಯಾಮಿನಲ್ಲಿ ಬೇಸ್ ಸರ್ಕಲ್ ಸಣ್ಣದಾಗಿರುತ್ತದೆ, ಮಧ್ಯಬಿಂದುವಿನಿಂದ ತುದಿಗಿರುವ ದೂರ ಮಾತ್ರ ಮಾಮೂಲಿಯಷ್ಟೇ ಅಥವಾ ಕೂದಲೆಳೆ ಕಡಿಮೆ ಇರುತ್ತದೆ. ತುದಿಯ ದೂರ ಮಾಮೂಲಿಗಿಂತ ಜಾಸ್ತಿ ಬಂದರೆ ಅದು ಹೊಸ ಎರಕದಿಂದಲೇ ಮಾಡಿದ ಕ್ಯಾಮ್.

ನಮ್ಮದರಲ್ಲಿ ಬೇಸ್ ಸರ್ಕಲ್ ವ್ಯಾಸ ಮಾಮೂಲಿ ಕ್ಯಾಮಿಗಿಂತ 2.4 ಮಿ.ಮೀ. ಕಡಿಮೆ, ಲಿಫ್ಟ್, ಅಂದರೆ ಲೋಬ್ ಟ್ಯಾಪೆಟ್ಟನ್ನು ಎತ್ತುವ ಎತ್ತರ, ಒಂದು ಮಿ.ಮೀ. ಜಾಸ್ತಿ. ಹಿಂಬದಿ 1.2 ಇಳಿದು ಲಿಫ್ಟ್ 1 ಏರಿದೆ ಎಂದರೆ ತುದಿ 0.2 ಮಿ.ಮೀ. ತಗ್ಗಿದೆ. ಹಾಗಾದರೆ ಮಾಮೂಲಿ ಕ್ಯಾಮನ್ನೇ ಅರೆದದ್ದು, ಅನುಮಾನ ಬೇಡ. ಇದರ ಪರಿಣಾಮ ಮುಂದೆ ಇದೆ: ಟ್ಯಾಪೆಟ್ 1.2 ಮಿ.ಮೀ. ಕೆಳಗೆ ಕೂರುತ್ತದೆ, ವಾಲ್ವನ್ನು ಒತ್ತುವ ರಾಕರಿನ ಅಡ್ಜಸ್ಟಿಂಗ್ ಸ್ಕ್ರೂ ಅಷ್ಟು ಕೆಳಗಿಳಿಯಬೇಕು ಅಥವಾ ಟ್ಯಾಪೆಟ್ಟಿಗೂ ರಾಕರಿಗೂ ನಡುವೆ ಉದ್ದದ ಪುಶ್ ರಾಡ್ ಹಾಕಬೇಕು. ಎರಕದ ಕ್ಯಾಮಿಗೆ ಗಡಸು ಪದರ ಇರುವುದು ಹೊರಮೈಯಲ್ಲಿ. ಜಾಸ್ತಿ ಅರೆದಲ್ಲಿ ಅದು ತೆಳುವಾಗಿರುತ್ತದೆ. ಸಣ್ಣ ಹೊಸ ಅರವನ್ನು ಲೋಬಿನ ಅಂಚಿನಲ್ಲಿ, ಟ್ಯಾಪೆಟ್ ತಾಗದ ಜಾಗದಲ್ಲಿ ಎಳೆದು ನೋಡಿ. ಜಾರಿದರೆ ಗಡಸು, ಕಚ್ಚಿದರೆ ಪದರ ಹೋಗಿದೆ.

ಅಳೆಯುವ ವ್ಯವಸ್ಥೆ

ಕ್ಯಾಮನ್ನು ಲೇತಿನ ಎರಡು ಸೆಂಟರ್‌ಗಳ ನಡುವೆ ಹಿಡಿಸುವುದು ಎಲ್ಲಕ್ಕಿಂತ ಸುಲಭ. ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಪರಿಚಯದ ಲೇತಿನವರಿದ್ದರೆ ಮಧ್ಯಾಹ್ನ ಊಟದ ಹೊತ್ತಿಗೆ ಮಷಿನ್ ಬಿಟ್ಟುಕೊಡುತ್ತಾರೆ. ಇಲ್ಲದಿದ್ದರೆ ಎರಡು ವಿ-ಬ್ಲಾಕ್ ಸಾಕು. ಮೊದಲ ಕೆಲಸ ನಡುವಿನ ಜರ್ನಲಿಗೆ ಡಯಲ್ ಗೇಜ್ ಇಟ್ಟು ಒಂದು ಸುತ್ತು ತಿರುಗಿಸುವುದು. ಮುಳ್ಳು ಎರಡು ಥೌಗಿಂತ, ಅಂದರೆ 0.05 ಮಿ.ಮೀ.ಗಿಂತ ಜಾಸ್ತಿ ಓಡಾಡಿದರೆ ಕ್ಯಾಮ್ ಬಾಗಿದೆ. ಬಾಗಿದ ಕ್ಯಾಮಿನಲ್ಲಿ ತೆಗೆದ ಯಾವ ಅಂಕಿಯೂ ನಂಬಲರ್ಹವಲ್ಲ. ವರ್ಷಗಟ್ಟಲೆ ಗೋಡೆಗೆ ಒರಗಿಸಿಟ್ಟ ಕ್ಯಾಮ್‌ಗಳಲ್ಲಿ ಇದನ್ನು ನೋಡಲೇಬೇಕು.

ತುದಿಗೆ 360 ಡಿಗ್ರಿಯ ಡಿಗ್ರಿ ಚಕ್ರ ಬೇಕು. ಕಾಗದದಲ್ಲಿ ಪ್ರಿಂಟ್ ತೆಗೆದು ಪ್ಲೈವುಡ್ಡಿಗೆ ಅಂಟಿಸಿದರೂ ನಡೆಯುತ್ತದೆ, ಆದರೆ ದೊಡ್ಡದಾಗಿರಲಿ. ಕೈಯಳತೆಯ ಚಕ್ರದಲ್ಲಿ ಅರ್ಧ ಡಿಗ್ರಿ ಓದಲು ಬರುವುದಿಲ್ಲ, ನಮಗೆ ಅರ್ಧ ಡಿಗ್ರಿಯೇ ಮುಖ್ಯ.

ಇನ್ನು ಡಯಲ್ ಗೇಜಿನ ಕಾಲು. ಗೇಜಿನ ಜತೆ ಬರುವ ಚೂಪು ಗುಂಡಿನ ತುದಿಯನ್ನು ನೇರವಾಗಿ ಲೋಬಿನ ಮೇಲಿಟ್ಟು ಅಳೆಯುವವರೇ ಹೆಚ್ಚು. ಲಿಫ್ಟ್ ಸರಿಯಾಗಿಯೇ ಬರುತ್ತದೆ, ಡ್ಯುರೇಶನ್, ಅಂದರೆ ವಾಲ್ವ್ ಎಷ್ಟು ಡಿಗ್ರಿ ತೆರೆದಿರುತ್ತದೆ ಎಂಬುದು, ಮಾತ್ರ ತಪ್ಪಾಗಿ ಬರುತ್ತದೆ. ಈ ಎಂಜಿನ್‌ನ ಟ್ಯಾಪೆಟ್ ಸಮತಟ್ಟು, ಸುಮಾರು 20.6 ಮಿ.ಮೀ. ಅಗಲ. ಲೋಬು ಅದರ ಮಧ್ಯಕ್ಕೆ ಬರುವ ಮೊದಲೇ ಅಂಚಿನ ಕಡೆಯಿಂದ ಎತ್ತಲು ಶುರು ಮಾಡುತ್ತದೆ. ಚೂಪು ಕಾಲಿಗೆ ಅದು ಗೊತ್ತಾಗುವುದಿಲ್ಲ, ಹೀಗಾಗಿ ರೇಸ್ ಕ್ಯಾಮೂ ಸಾಧು ಕ್ಯಾಮಿನ ಹಾಗೆ ಕಾಣುತ್ತದೆ. ಒಂದು ಹಳೇ ಟ್ಯಾಪೆಟ್ಟನ್ನು ತೂತು ಕೊರೆದ ಹಲಗೆಯಲ್ಲಿ ಸಲೀಸಾಗಿ ಜಾರುವಂತೆ ಕೂರಿಸಿ, ಅದರ ಮೇಲೆ ಗೇಜ್ ಇಡಿ.

ವರ್ನಿಯರ್‌ನಲ್ಲಿ ಲೋಬಿನ ಎತ್ತರ ಅಳೆದು, ಅಡ್ಡ ಅಗಲ ಕಳೆದು ಲಿಫ್ಟ್ ಹೇಳುವವರೂ ಇದ್ದಾರೆ. ಮಾಮೂಲಿ ಕ್ಯಾಮಿಗೆ ಅದು ಸರಿ. ಡ್ಯುರೇಶನ್ ಉದ್ದವಿರುವ ಕ್ಯಾಮಿನಲ್ಲಿ ಏರು ಶುರುವಾಗುವ ಜಾಗ ಅಡ್ಡ ಅಳತೆಯ ಗೆರೆಯ ತನಕ ಬಂದಿರುತ್ತದೆ. ಅಗಲ ಜಾಸ್ತಿ ಬರುತ್ತದೆ, ಲಿಫ್ಟ್ ಕಡಿಮೆ ಕಾಣುತ್ತದೆ. ರೇಸ್ ಕ್ಯಾಮನ್ನು ಸವೆದ ಕ್ಯಾಮೆಂದು ಗುಜರಿಗೆ ಹಾಕುವುದು ಹೀಗೆಯೇ.

ಒಂಬತ್ತರ ಲೆಕ್ಕ

ಟ್ಯಾಪೆಟ್ ಅಡ್ಜಸ್ಟ್ ಮಾಡುವ ಮೇಸ್ತ್ರಿಗಳಿಗೆಲ್ಲ ಒಂಬತ್ತರ ಲೆಕ್ಕ ಗೊತ್ತು. ಎಂಟನೇ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದ್ದು, ಏಳು ತೆರೆದಾಗ ಎರಡು, ಹೀಗೆ ಕೂಡಿದರೆ ಒಂಬತ್ತು. ಗುರುತಿಲ್ಲದ ಕ್ಯಾಮಿಗೂ ಇದೇ ಕೀಲಿಕೈ, ಇದನ್ನು ಕ್ಯಾಮಿಗೆ ಬಳಸುವವರು ಕಡಿಮೆ.

ಈ ಎಂಜಿನ್‌ನಲ್ಲಿ ಮುಂದಿನಿಂದ ಎಣಿಸಿದರೆ 1, 4, 5, 8 ಎಕ್ಸಾಸ್ಟ್. 2, 3, 6, 7 ಇನ್‌ಲೆಟ್. ಫೈರಿಂಗ್ ಆರ್ಡರ್ 1-3-4-2. ಒಂದನೇ ಮತ್ತು ನಾಲ್ಕನೇ ಸಿಲಿಂಡರ್ ಒಂದಕ್ಕೊಂದು ಕ್ರ್ಯಾಂಕಿನ 360 ಡಿಗ್ರಿ ದೂರ, ಕ್ಯಾಮಿನಲ್ಲಿ ಅದರರ್ಧ 180. ಎರಡು ಮತ್ತು ಮೂರೂ ಹಾಗೆಯೇ. ಅಂದ ಮೇಲೆ 1-8, 2-7, 3-6, 4-5 ಈ ನಾಲ್ಕು ಜೋಡಿಗಳ ತುದಿಗಳು ಒಂದಕ್ಕೊಂದು ನೇರ ಎದುರು ಇರಬೇಕು, ಲಿಫ್ಟ್ ಒಂದೇ ಇರಬೇಕು, ಡ್ಯುರೇಶನ್ ಒಂದೇ ಇರಬೇಕು. ಕ್ಯಾಮ್ ಯಾವ ಜಾತಿಯದ್ದಾದರೂ ಇದು ಬದಲಾಗುವುದಿಲ್ಲ.

ಬದಲಾಗುವುದು ಜೋಡಿ ಜೋಡಿಗಳ ನಡುವೆ. ಈ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರಿಗೆ ಇನ್‌ಲೆಟ್ ಪೋರ್ಟ್ ಎರಡೇ. ಒಂದು ಮತ್ತು ಎರಡಕ್ಕೆ ಸೇರಿ ಒಂದು, ಮೂರು ಮತ್ತು ನಾಲ್ಕಕ್ಕೆ ಇನ್ನೊಂದು. ಫೈರಿಂಗ್ ಆರ್ಡರ್ ನೋಡಿ: ಎರಡನೆಯದ್ದು ಎಳೆದುಕೊಂಡ 180 ಡಿಗ್ರಿಗೆ ಒಂದನೆಯದ್ದು ಎಳೆಯಲು ಶುರು ಮಾಡುತ್ತದೆ, ಮೂರರ ಹಿಂದೆಯೇ ನಾಲ್ಕು. ಒಂದೇ ತಟ್ಟೆಗೆ ಇಬ್ಬರು ಕೈ ಹಾಕಿದ ಹಾಗೆ. ಡ್ಯುರೇಶನ್ 252 ಡಿಗ್ರಿಯಾದರೆ ಎರಡೂ ಸಿಲಿಂಡರಿನ ಇನ್‌ಲೆಟ್ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು 72 ಡಿಗ್ರಿ, 300 ಆದರೆ 120. ರೇಸ್ ಕ್ಯಾಮಿನಲ್ಲಿ ಈ ಕಸಿಯುವಿಕೆ ತುಂಬಾ ಆಗುವುದರಿಂದ ಕೆಲವು ಗ್ರೈಂಡರ್‌ಗಳು ಒಳಗಿನ 2-3 ಸಿಲಿಂಡರುಗಳ ಇನ್‌ಲೆಟ್ಟನ್ನು ಚೂರು ಬೇಗ, ಹೊರಗಿನ 1-4ರದ್ದನ್ನು ಚೂರು ತಡವಾಗಿ ಅರೆಯುತ್ತಾರೆ. ಇದಕ್ಕೆ ಸ್ಕ್ಯಾಟರ್ ಕ್ಯಾಮ್ ಎಂದು ಹೆಸರು. ಬಿಎಂಸಿ ಎಂಜಿನ್‌ಗಳ ಹೊರಗೆ ಇದು ಅಷ್ಟಾಗಿ ಕಾಣುವುದಿಲ್ಲ. ತಿಳಿಯದವರು ಅಳೆದರೆ “ಅಯ್ಯೋ, ಲೋಬ್‌ಗಳೆಲ್ಲ ಹಿಂದೆ ಮುಂದೆ ಆಗಿವೆ, ಕ್ಯಾಮ್ ತಿರುಚಿದೆ” ಅನ್ನುತ್ತಾರೆ.

ಹಾಗಾಗಿ ನಿರ್ಣಯ ಹೀಗೆ: ಜೋಡಿಯೊಳಗೆ ವ್ಯತ್ಯಾಸವಿದ್ದರೆ ಅದು ದೋಷ. ಜೋಡಿಯೊಳಗೆ ಸರಿಯಿದ್ದು, 2-7 ಮತ್ತು 3-6 ಜೋಡಿಗಳ ನಡುವೆ ಮಾತ್ರ ವ್ಯತ್ಯಾಸವಿದ್ದರೆ ಅದು ಬೇಕೆಂದೇ ಮಾಡಿದ್ದು.

ತುದಿ ಎಲ್ಲಿದೆ ಎಂದು ಕಣ್ಣಳತೆಯಲ್ಲಿ ಹುಡುಕಬೇಡಿ, ತುದಿಯಲ್ಲಿ ಗೇಜಿನ ಮುಳ್ಳು ಸುಮಾರು ಹೊತ್ತು ಅಲ್ಲಾಡುವುದೇ ಇಲ್ಲ. ಏರುವಾಗ 1.27 ಮಿ.ಮೀ., ಅಂದರೆ 50 ಥೌ, ಬಂದಾಗ ಡಿಗ್ರಿ ಬರೆದುಕೊಳ್ಳಿ. ಇಳಿಯುವಾಗ ಅದೇ ಅಂಕಿ ಬಂದಾಗ ಮತ್ತೊಮ್ಮೆ. ಎರಡರ ನಟ್ಟನಡುವೆ ಲೋಬಿನ ಸೆಂಟರ್. ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋಗಿ, ಹಿಂದಕ್ಕೆ ತಿರುಗಿಸಿ ಓದಬೇಡಿ.

ನಮ್ಮ ಕ್ಯಾಮಿನಲ್ಲಿ 2-7 ನೇರ ಎದುರು, 3-6 ನೇರ ಎದುರು. ಆದರೆ 2 ಮತ್ತು 3ರ ನಡುವೆ 90 ಡಿಗ್ರಿ ಇರಬೇಕಾದಲ್ಲಿ 93 ಬಂತು. ಕ್ರ್ಯಾಂಕಿನ ಲೆಕ್ಕದಲ್ಲಿ ಆರು ಡಿಗ್ರಿ. ಎಕ್ಸಾಸ್ಟ್ ಲೋಬ್‌ಗಳೆಲ್ಲ ಲೆಕ್ಕದಂತೆ 90ಕ್ಕೇ ಇದ್ದವು. ಕ್ಯಾಮ್ ತಿರುಚಿದ್ದರೆ ಅವೂ ಸರಿಯುತ್ತಿದ್ದವು. ಲಿಫ್ಟ್ ಏಳು ಲೋಬಿಗೆ 7.0 ಮಿ.ಮೀ., ಐದನೆಯದಕ್ಕೆ ಮಾತ್ರ 6.55. ಜೋಡಿಯಾದ ನಾಲ್ಕನೆಯದ್ದು ಸರಿಯಿದೆ, ಐದರ ಸೆಂಟರೂ ಸರಿದಿಲ್ಲ. ತುದಿ ಸವೆದಿದೆ, ಅಷ್ಟೇ. ಅಂದರೆ ಇದು ಸ್ಕ್ಯಾಟರ್ ರೇಸ್ ಕ್ಯಾಮೂ ಹೌದು, ಸವೆದ ಕ್ಯಾಮೂ ಹೌದು.

ಎಷ್ಟು ಜೋರಿನ ಕ್ಯಾಮ್?

ಇನ್‌ಲೆಟ್ ಇಷ್ಟಕ್ಕೆ ತೆರೆಯುತ್ತದೆ, ಅಷ್ಟಕ್ಕೆ ಮುಚ್ಚುತ್ತದೆ ಎಂಬ ಪುಸ್ತಕದ ಅಂಕಿಗಳು ಎಂಜಿನ್‌ನೊಳಗೆ ಕ್ಯಾಮ್ ಕೂರಿಸಿದ ಮೇಲಿನವು. ಬೆಂಚಿನ ಮೇಲೆ ಪಿಸ್ಟನ್ ಇಲ್ಲ, ಹಾಗಾಗಿ ಅದು ತೀರಾ ಮೇಲಿರುವ ಬಿಂದು (ಟಿಡಿಸಿ), ತೀರಾ ಕೆಳಗಿರುವ ಬಿಂದು (ಬಿಡಿಸಿ) ಎರಡೂ ಇಲ್ಲ. ಬೆಂಚಿನಲ್ಲಿ ಸಿಗುವುದು ಡ್ಯುರೇಶನ್, ಲಿಫ್ಟ್, ಒಂದೇ ಸಿಲಿಂಡರಿನ ಇನ್‌ಲೆಟ್-ಎಕ್ಸಾಸ್ಟ್ ಸೆಂಟರುಗಳ ನಡುವಿನ ಕೋನ. ಪುಸ್ತಕದ ಅಂಕಿಯನ್ನು ಇದಕ್ಕೆ ಇಳಿಸಿಕೊಳ್ಳಬೇಕು.

ಎಂಜಿಎ ಮತ್ತು ಎಂಜಿಬಿಯ ರಸ್ತೆ ಕ್ಯಾಮ್: ಇನ್‌ಲೆಟ್ ಟಿಡಿಸಿಗೆ 16 ಡಿಗ್ರಿ ಮೊದಲು ತೆರೆದು ಬಿಡಿಸಿಯ 56 ನಂತರ ಮುಚ್ಚುತ್ತದೆ, ಎಕ್ಸಾಸ್ಟ್ ಬಿಡಿಸಿಗೆ 51 ಮೊದಲು ತೆರೆದು ಟಿಡಿಸಿಯ 21 ನಂತರ ಮುಚ್ಚುತ್ತದೆ. ಡ್ಯುರೇಶನ್ 16+180+56, ಅಂದರೆ 252. ಅರ್ಧ 126ರಿಂದ 16 ಕಳೆದರೆ ಇನ್‌ಲೆಟ್ ಸೆಂಟರ್ 110. ಎಕ್ಸಾಸ್ಟಿಗೆ 126ರಿಂದ 21 ಕಳೆದು 105. ಎರಡರ ಸರಾಸರಿ 107.5, ಇದೇ ಆ ಕೋನ. ಒಂದೇ ಸಿಲಿಂಡರಿನ ಇನ್‌ಲೆಟ್, ಎಕ್ಸಾಸ್ಟ್ ಎರಡೂ ತೆರೆದಿರುವ ಓವರ್‌ಲ್ಯಾಪ್ 16+21, 37 ಡಿಗ್ರಿ. ಬಿ-ಸೀರೀಸಿನ ತಮ್ಮನಾದ ಎ-ಸೀರೀಸಿಗೆ, ಅಂದರೆ ಮಿನಿ ಎಂಜಿನ್‌ಗೆ, ಬಂದ ಹೆಸರಾಂತ 649 ರೇಸ್ ಕ್ಯಾಮ್ ಅದೇ ಕ್ರಮದಲ್ಲಿ 50-70-75-45. ಅದೇ ಲೆಕ್ಕ ಮಾಡಿ: ಡ್ಯುರೇಶನ್ 300, ಕೋನ 102.5, ಓವರ್‌ಲ್ಯಾಪ್ 95. ಮನೆಗೂ ರೇಸಿಗೂ ಇರುವ ಅಂತರ ಇಷ್ಟು.

ಆದರೆ ಈ ಡ್ಯುರೇಶನ್‌ಗಳನ್ನು ಎಷ್ಟು ಲಿಫ್ಟಿನಿಂದ ಎಣಿಸಿದ್ದು ಎಂಬುದರ ಮೇಲೆ ಇಪ್ಪತ್ತು ಮೂವತ್ತು ಡಿಗ್ರಿ ಹೆಚ್ಚುಕಡಿಮೆ ಆಗುತ್ತದೆ. ಅದಕ್ಕೇ ನಾನು ಪುಸ್ತಕಕ್ಕಿಂತ ಪಕ್ಕದಲ್ಲಿಟ್ಟ ಕ್ಯಾಮನ್ನು ನಂಬುತ್ತೇನೆ. ಸವೆಯದ ಮಾಮೂಲಿ ಅಂಬಾಸಿಡರ್ ಕ್ಯಾಮ್ ಒಂದನ್ನು ಅದೇ ಸೆಂಟರುಗಳ ನಡುವೆ, ಅದೇ ಟ್ಯಾಪೆಟ್, ಅದೇ ಗೇಜಿನಲ್ಲಿ ಅಳೆಯಿರಿ. 50 ಥೌನಲ್ಲಿ ನಮ್ಮ ಕ್ಯಾಮ್ ಮಾಮೂಲಿಗಿಂತ ಕ್ರ್ಯಾಂಕಿನ ಸುಮಾರು 40 ಡಿಗ್ರಿ ಹೆಚ್ಚು ಹೊತ್ತು ವಾಲ್ವ್ ಎತ್ತಿ ಹಿಡಿಯುತ್ತಿತ್ತು. ಕೋನ ಹೊರ ಸಿಲಿಂಡರುಗಳಿಗೆ 106, ಒಳಗಿನವಕ್ಕೆ 103. ಪೂರ್ತಿ ಟ್ರ್ಯಾಕಿನ ಕ್ಯಾಮ್.

ಕ್ಯಾಮ್ ಎಂಜಿನ್‌ನೊಳಗೇ ಇದ್ದರೆ

“ಸಾರ್, ಇದು ಪಕ್ಕಾ ರೇಸ್ ಕ್ಯಾಮ್. ಐಡ್ಲಿಂಗ್ ಕುಣೀತದೆ ನೋಡಿ, ವ್ಯಾಕ್ಯೂಮೂ ಬರ್ತಾ ಇಲ್ಲ.” ಮಡಿಕೇರಿಯಲ್ಲಿ ಈ ಮಾತು ಕೇಳಿದರೆ ಮೊದಲು ಊರಿನ ಎತ್ತರ ಕಳೆಯಿರಿ. ಪ್ರತಿ 300 ಮೀಟರ್ ಏರಿಗೆ, ಎಂಜಿನ್ ಗಾಳಿ ಎಳೆಯುವ ಜೋರನ್ನು ಪಾದರಸದ ಇಂಚಿನಲ್ಲಿ ತೋರಿಸುವ ವ್ಯಾಕ್ಯೂಮ್ ಗೇಜ್ ಹೆಚ್ಚುಕಡಿಮೆ ಒಂದು ಇಂಚು ಕಡಿಮೆ ತೋರಿಸುತ್ತದೆ. ಮಂಗಳೂರಿನಲ್ಲಿ 18 ಇಂಚು ತೋರಿಸುವ ಆರೋಗ್ಯವಂತ ಎಂಜಿನ್ ಮಡಿಕೇರಿಯಲ್ಲಿ 14ರ ಆಸುಪಾಸು, ಕುಶಾಲನಗರದಲ್ಲಿ 15ರ ಮೇಲೆ. ಕಂಪ್ರೆಶನ್ ಗೇಜೂ ಮಡಿಕೇರಿಯಲ್ಲಿ ನೂರಕ್ಕೆ ಹನ್ನೆರಡರಷ್ಟು ಕಡಿಮೆ ಓದುತ್ತದೆ. ಕೆಳಗಿನೂರಿನ ಪುಸ್ತಕ ಹಿಡಿದು ಇಲ್ಲಿ ಎಂಜಿನ್ ಬಿಚ್ಚಿದರೆ ಬಿಚ್ಚಿದ್ದೇ ಲಾಭ.

ಎತ್ತರ ಕಳೆದ ಮೇಲೂ ಕಡಿಮೆ ಇದ್ದರೆ ಮುಳ್ಳಿನ ನಡೆ ನೋಡಿ. ಕಡಿಮೆ ಇದ್ದು ಅಲ್ಲಾಡದೆ ನಿಂತಿದ್ದರೆ ಇಗ್ನಿಷನ್ ತಡ, ಅಥವಾ ಚೈನ್ ಹಲ್ಲು ತಪ್ಪಿದೆ. ಚೈನ್ ಒಂದು ಹಲ್ಲು ತಪ್ಪಿದರೆ 720ನ್ನು ಕ್ಯಾಮ್ ಸ್ಪ್ರಾಕೆಟ್ಟಿನ ಹಲ್ಲುಗಳಿಂದ ಭಾಗಿಸಿದಷ್ಟು ಕ್ರ್ಯಾಂಕ್ ಡಿಗ್ರಿ ಸರಿಯುತ್ತದೆ, ಎಂಟೂ ವಾಲ್ವ್‌ಗಳಲ್ಲಿ ಒಂದೇ ಅಂಕಿ. ತಾಳ ತಪ್ಪದೆ ಒಂದೇ ಪೆಟ್ಟಿಗೆ ಮುಳ್ಳು ಬೀಳುತ್ತಿದ್ದರೆ ಒಂದು ವಾಲ್ವ್ ಸುಟ್ಟಿದೆ. ಐಡ್ಲಿಂಗಿನಲ್ಲಿ ಚಡಪಡಿಸಿ, 2000 ಆರ್‌ಪಿಎಂ ದಾಟಿದೊಡನೆ ಏರಿ ನಿಂತರೆ ಆಗ ರೇಸ್ ಕ್ಯಾಮಿನ ಮಾತಾಡಬಹುದು. ಖಚಿತಕ್ಕೆ ರಾಕರ್ ಕವರ್ ತೆಗೆದು, ಪುಶ್ ರಾಡಿನ ಮೇಲೆ ಡಯಲ್ ಗೇಜ್ ಇಟ್ಟು ಎಂಟನ್ನೂ ಅಳೆಯಿರಿ. ಎಂಜಿನ್ ಇಳಿಸುವ ಅಗತ್ಯವಿಲ್ಲ.

ಹಾಕಬಹುದೇ?

ಈ ಕ್ಯಾಮನ್ನು ತೋಟದ ಗಾಡಿಗೆ ಹಾಕಬೇಡಿ ಎಂದೇ ಹೇಳಿದೆ. ಸಂಪಾಜೆ ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಜನ ತುಂಬಿಕೊಂಡು ಹತ್ತುವಾಗ ಬೇಕಾದದ್ದು ಕೆಳಗಿನ ಆರ್‌ಪಿಎಂನ ಎಳೆತ. ಇಂಥ ಕ್ಯಾಮ್ ಮೊದಲು ಕಸಿಯುವುದು ಅದನ್ನೇ. ಐದನೇ ಲೋಬಿಗಾಗಿ ಮತ್ತೆ ಅರೆದರೆ ಬೇಸ್ ಸರ್ಕಲ್ ಇನ್ನೂ ಇಳಿಯುತ್ತದೆ, ಗಡಸು ಪದರ ಉಳಿಯುವ ಭರವಸೆಯಿಲ್ಲ. ಆಟೋಕ್ರಾಸಿಗೆಂದು ಬೇರೆ ಎಂಜಿನ್ ಕಟ್ಟುವ ಆಸೆಯಿದ್ದರೆ ಈ ಅಂಕಿಗಳನ್ನು ಮಾದರಿಯಾಗಿಟ್ಟು ಹೊಸ ಎರಕದಲ್ಲಿ ಮಾಡಿಸುವುದು ಮೇಲು.

ಯಾವ ಕ್ಯಾಮ್ ಹಾಕಿದರೂ ಹಳೇ ಟ್ಯಾಪೆಟ್ ಹಾಕಬೇಡಿ, ಎಂಟೂ ಹೊಸದಾಗಿರಲಿ. ಲಿಫ್ಟ್ ಜಾಸ್ತಿಯ ಕ್ಯಾಮಾದರೆ ಲೋಬಿನ ಲಿಫ್ಟನ್ನು ರಾಕರ್ ಅನುಪಾತದಿಂದ, ಈ ಎಂಜಿನ್‌ನಲ್ಲಿ ಸುಮಾರು 1.42ರಿಂದ, ಗುಣಿಸಿ. 7.0 ಆದರೆ ವಾಲ್ವ್ ಹತ್ತಿರಹತ್ತಿರ 10 ಮಿ.ಮೀ. ಇಳಿಯುತ್ತದೆ. ಅಷ್ಟು ಒತ್ತಿದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಬಾರದು. ಪಿಸ್ಟನ್ ತಲೆಗೆ ಮಕ್ಕಳಾಡುವ ಕ್ಲೇ ಅಂಟಿಸಿ, ಹೆಡ್ ಬಿಗಿದು, ಕೈಯಲ್ಲೇ ಎರಡು ಸುತ್ತು ತಿರುಗಿಸಿ ಬಿಚ್ಚಿ. ಕ್ಲೇ ತೆಳುವಾದಲ್ಲಿ ಇನ್‌ಲೆಟ್ಟಿಗೆ 2 ಮಿ.ಮೀ., ಎಕ್ಸಾಸ್ಟಿಗೆ 2.5 ಉಳಿದಿರಬೇಕು. ಲೋಬ್‌ಗಳಿಗೆ ಮಾಲಿಬ್ಡಿನಮ್ ಪೇಸ್ಟ್ ಬಳಿದು, ಟೈಮಿಂಗ್, ಪೆಟ್ರೋಲ್, ನೀರು ಎಲ್ಲ ಮೊದಲೇ ಸರಿಮಾಡಿಕೊಂಡು ಸ್ಟಾರ್ಟ್ ಮಾಡಿ. ಸ್ಟಾರ್ಟ್ ಆದ ಕೂಡಲೇ 2000ದಿಂದ 2500 ಆರ್‌ಪಿಎಂ ನಡುವೆ ಏರಿಳಿಸುತ್ತಾ ಇಪ್ಪತ್ತು ನಿಮಿಷ ಓಡಿಸಿ. ಆ ಇಪ್ಪತ್ತು ನಿಮಿಷ ಐಡ್ಲಿಂಗಿಗೆ ಬಿಡಬೇಡಿ, ಸೋರುತ್ತಿದೆ ಅನ್ನಿಸಿದರೆ ಪೂರ್ತಿ ನಿಲ್ಲಿಸಿ ನೋಡಿ. ಆಮೇಲೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ ಟ್ಯಾಪೆಟ್ ಗ್ಯಾಪ್ ಮತ್ತೊಮ್ಮೆ ನೋಡಿ. ಯಾವುದಾದರೂ ಒಂದರಲ್ಲಿ ಗ್ಯಾಪ್ ತಾನಾಗಿಯೇ ಜಾಸ್ತಿಯಾಗಿದ್ದರೆ ಆ ಲೋಬ್ ಆಗಲೇ ಸವೆಯಲು ಶುರುವಾಗಿದೆ. ಗಾಡಿ ರಸ್ತೆಗಿಳಿಸದೆ ಟ್ಯಾಪೆಟ್ ಹೊರತೆಗೆದು ಅದರ ಮುಖ ನೋಡಿ.